ಸೇತುವೆ ಕಡೆಯ ದೀಪ

ಫೆಬ್ರವರಿ 9

ತಮ್ಮಾ,

ಫೋನು ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಇವಳು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು "ಹೂಂ ಅಕ್ಕಾ, ಹೂಂ" ಅನ್ನುತ್ತಲೇ ಆ ಕಡೆ ಯಾವುದೋ ಕಡತಕ್ಕೆ ಸಹಿ ಹಾಕುತ್ತಿರುತ್ತೀಯ. ಪೆನ್ನಿನ ಸದ್ದು ನನಗೆ ಕೇಳಿಸುತ್ತದೆ. ಕಾಗದವಾದರೆ ಕೂತು ಓದಲೇಬೇಕು.

ವಿಷಯ ನಮ್ಮ ಬೀದಿಯದು. ಇದನ್ನು ಒನ್ ವೇ ಮಾಡಿ ಇಪ್ಪತ್ತಾರು ವರ್ಷವಾಯಿತು. ಸ್ಟೇಷನ್ ಕಡೆಯಿಂದ ಹೊರಟ ಗಾಡಿ ಸೇತುವೆ ಮುಟ್ಟುವವರೆಗೆ ಉಸಿರು ಬಿಡುವುದಿಲ್ಲ. ನಮ್ಮ 'ಬುಕ್ ಬೈಂಡಿಂಗ್' ಬೋರ್ಡು ಕಣ್ಣಿಗೆ ಬೀಳುವಷ್ಟರಲ್ಲಿ ಗಿರಾಕಿ ಅಂಗಡಿ ದಾಟಿ ಹೋಗಿರುತ್ತಾನೆ. ವಾಪಸ್ ಬರಬೇಕಾದರೆ ಊರೆಲ್ಲ ಸುತ್ತಬೇಕು. ಯಾರು ಸುತ್ತುತ್ತಾರೆ? ಟೋಪಿ ಅಂಗಡಿ ಮುಚ್ಚಿತು, ಫೋಟೋ ಸ್ಟುಡಿಯೋ ಮುಚ್ಚಿತು, ಬೀಗದ ಕೈ ಮಾಡುವವನು ಹೋದ ತಿಂಗಳು ಅಂಗಡಿಗೇ ಬೀಗ ಹಾಕಿಕೊಂಡು ಹೋದ. ಕೋರ್ಟಿನವರೂ ಕಾಲೇಜಿನವರೂ ಹುಡುಕಿಕೊಂಡು ಬರುವುದರಿಂದ ನಾವು ಉಳಿದಿದ್ದೇವೆ, ಅಷ್ಟೇ.

ಬೀದಿಯನ್ನು ಮತ್ತೆ ಎರಡೂ ಕಡೆಯ ಸಂಚಾರಕ್ಕೆ ಬಿಡಿ ಅಂತ ಎಲ್ಲ ಸೇರಿ ಅರ್ಜಿ ಬರೆದಿದ್ದೇವೆ. ಅರವತ್ತೊಂದು ಸಹಿ. ಮೊದಲನೆಯದು ನನ್ನದು. ನಿನ್ನ ಭಾವ ಎರಡು ದಿನ ಸಹಿ ಹಾಕದೆ ಸತಾಯಿಸಿದರು. "ಇಪ್ಪತ್ತಾರು ವರ್ಷ ಒಂದೇ ಕಡೆ ಕತ್ತು ತಿರುಗಿಸಿದ್ದೀನಿ ಕಣೇ. ಈ ವಯಸ್ಸಲ್ಲಿ ಇನ್ನೊಂದು ಕಡೆ ತಿರುಗಿಸಿದ್ರೆ ಉಳುಕುತ್ತೆ" ಅಂದರು. ಆಮೇಲೆ ನನ್ನ ಮುಖ ನೋಡಿ, ಕೈಗೆ ಮೆತ್ತಿದ್ದ ಅಂಟು ಒರೆಸಿಕೊಂಡು ಹಾಕಿದರು. ಅವರ ಸಹಿಯ ಪಕ್ಕದಲ್ಲಿ ಹೆಬ್ಬೆರಳಿನ ಗುರುತೂ ಬಿದ್ದಿದೆ.

ಅರ್ಜಿ ನಿಮ್ಮ ಇಲಾಖೆಗೆ ಬರುತ್ತದೆ. ಶಿಫಾರಸು ಮಾಡು ಅನ್ನುವುದಿಲ್ಲ. ಕಡತ ಧೂಳು ತಿನ್ನದ ಹಾಗೆ ನೋಡಿಕೋ. "ಸರ್ಕಾರ ಏನನ್ನುತ್ತೆ ಅಂತ ಕೇಳು" ಅಂತ ನಿನ್ನ ಭಾವ ಹೇಳುತ್ತಿದ್ದಾರೆ. ಅವರ ಬಾಯಲ್ಲಿ ನಿನಗೆ ಆ ಹೆಸರು ಕೊನೆತನಕ ತಪ್ಪಿದ್ದಲ್ಲ.

ನಿನ್ನ ಅಕ್ಕ

*

ಫೆಬ್ರವರಿ 27

ಅಕ್ಕಾ,

ಕೂತು ಓದಿದೆ. ಪೆನ್ನು ದೂರ ಇಟ್ಟೇ ಓದಿದೆ.

ಅರ್ಜಿ ಬಂದಿದೆ. ಹೆಬ್ಬೆರಳಿನ ಗುರುತು ನೋಡಿ ನಗು ಬಂತು. ಪಕ್ಕದ ಮೇಜಿನವರು "ಏನ್ರೀ, ಅರ್ಜಿ ಓದಿ ನಗ್ತಿದ್ದೀರಲ್ಲ" ಅಂದರು. ನಿನಗೆ ಗೊತ್ತಿಲ್ಲದ ವಿಷಯವೊಂದಿದೆ. ನಿಮ್ಮ ಬೀದಿಯ ಬಗ್ಗೆ ನಾವೇ ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದೆವು. ಒಮ್ಮುಖ ಬೀದಿಯಲ್ಲಿ ಗಾಡಿಗಳ ವೇಗ ಜಾಸ್ತಿ, ಎದುರಿಗೆ ಯಾರೂ ಬರುವುದಿಲ್ಲವೆಂಬ ಧೈರ್ಯ. ಎರಡೂ ಕಡೆಯಿಂದ ಬಿಟ್ಟರೆ ತಾನಾಗಿಯೇ ನಿಧಾನವಾಗುತ್ತದೆ. ಹಾಗಾಗಿ ಇದು ಅಕ್ಕನಿಗಾಗಿ ಮಾಡುವ ಕೆಲಸವಲ್ಲ, ಮಾಡಬೇಕಾದ ಕೆಲಸವೇ. ಸಿಗ್ನಲ್ ಮತ್ತು ಪಟ್ಟಿಗಳ ಉಸ್ತುವಾರಿ ನನ್ನ ವಿಭಾಗಕ್ಕೇ ಬರುತ್ತದೆ.

ಕೆಲಸದ ಕ್ರಮ ಹೀಗೆ: ಮೊದಲು ಕಂಬ, ಆಮೇಲೆ ಬಣ್ಣ, ಆಮೇಲೆ ಜನರಿಗೆ ಮೂರು ವಾರ ಮುಂಚೆ ತಿಳುವಳಿಕೆ. ಮೊದಲೆರಡು ದಿನ ಪೊಲೀಸರು ನಿಲ್ಲುತ್ತಾರೆ. ಭಾವನಿಗೆ ಈಗಿಂದಲೇ ಕತ್ತಿನ ವ್ಯಾಯಾಮ ಶುರು ಮಾಡಲು ಹೇಳು.

ನಿನ್ನ 'ಸರ್ಕಾರ'

*

ಮೇ 14

ತಮ್ಮಾ,

ಬೀದಿ ಮದುವಣಗಿತ್ತಿಯ ಹಾಗೆ ಕೂತಿದೆ. ನಡುವೆ ಹಳದಿ ಗೆರೆ ಎಳೆದಿದ್ದಾರೆ. ನಮ್ಮ ಅಂಗಡಿಯ ಎದುರಿಗೇ ದಾಟುವ ಪಟ್ಟಿ ಬಂದಿದೆ. ಸೋಮವಾರ ಉದ್ಘಾಟನೆಯಂತೆ. ಜೂನ್ ಅಂದಿದ್ದರು, ಮುಂಚೆಯೇ ಇಟ್ಟುಕೊಂಡಿದ್ದಾರೆ. ದೊಡ್ಡವರಿಗೆ ಅವತ್ತೇ ಬಿಡುವಂತೆ.

ನಿನ್ನ ಭಾವ ನಿಜವಾಗಿಯೂ ಅಭ್ಯಾಸ ಮಾಡುತ್ತಿದ್ದಾರೆ. ಹನ್ನೊಂದು ಗಂಟೆಗೆ ಎದುರಿನ ಕಾಫಿಯಂಗಡಿಗೆ ಹೋಗುವಾಗ ಅಂಚಿನಲ್ಲಿ ನಿಂತು, ಒಂದು ವಾಹನವೂ ಬರದ ಸೇತುವೆ ಕಡೆಗೆ ಕತ್ತು ತಿರುಗಿಸಿ "ನಮಸ್ಕಾರ" ಅನ್ನುತ್ತಾರೆ. ಕಾಫಿಯವರು ಅಲ್ಲಿಂದಲೇ ಕೈಮುಗಿಯುತ್ತಾರೆ. ಈ ನಾಟಕ ಬೀದಿಯವರಿಗೆಲ್ಲ ಬಾಯಿಪಾಠವಾಗಿದೆ.

ಒಂದು ಮಾತು. ಇದು ಅವರು ಬರೆಯಲು ಹೇಳಿದ್ದು. ಸೇತುವೆ ಕಡೆಗೆ ಮುಖ ಮಾಡಿದ ಹೊಸ ಕಂಬ ಇದೆಯಲ್ಲ, ಆ ಕಡೆಯಿಂದ ಬರುವ ಗಾಡಿಗಳಿಗೆ ಕೆಂಪು ತೋರಿಸುವುದು, ಅದರ ಬುಡದಲ್ಲಿ ವೈರು ಸುರುಳಿ ಸುತ್ತಿ ಬಿದ್ದಿದೆ. ಎಲ್ಲಿಗೂ ಸೇರಿಸಿಲ್ಲ. ನಮ್ಮಂಗಡಿಯಿಂದ ಆ ದೀಪದ ಬೆನ್ನು ಮಾತ್ರ ಕಾಣುತ್ತದೆ, ಉರಿಯುತ್ತದೋ ಇಲ್ಲವೋ ನಮಗೆ ತಿಳಿಯುವುದಿಲ್ಲ. "ನಾಲ್ಕೇ ದಿನ ಉಳಿದಿದೆ, ಸರ್ಕಾರಕ್ಕೆ ಒಂದು ಮಾತು ಹಾಕಿಬಿಡು" ಅಂದರು. ನೋಡುತ್ತೀಯಲ್ಲ?

ಅಕ್ಕ

*

ಮೇ 16

ಅಕ್ಕಾ,

ಆತುರದಲ್ಲಿ ನಾಲ್ಕು ಸಾಲು. ವೈರಿನ ವಿಷಯ ಕಂಟ್ರಾಕ್ಟರಿಗೆ ಹೇಳಿದ್ದೇನೆ. ಆಗುತ್ತದೆ. ಇಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಉದ್ಘಾಟನೆಗೆ ನಾನು ಬರಲಾಗುವುದಿಲ್ಲ. ಭಾವನಿಗೆ ಹೇಳು, ಚಿಂತೆ ಬೇಡ.

ತಮ್ಮ

*

ಜೂನ್ 12

ತಮ್ಮಾ,

ನೀನು ಬಂದಾಗ ನನಗೆ ಬಾಯಿ ಬರಲಿಲ್ಲ. ಮನೆ ತುಂಬ ಜನ. ನೀನೂ ಗೋಡೆಗೆ ಒರಗಿ ಕೂತವನು ಯಾರೊಂದಿಗೂ ಮಾತಾಡಲಿಲ್ಲ, ಒಂದು ಲೋಟ ನೀರೂ ಮುಟ್ಟಲಿಲ್ಲ. ಭಾವನೆಂದರೆ ನಿನಗೆಷ್ಟು ಪ್ರಾಣವೆಂದು ಎಲ್ಲರೂ ಆಡಿಕೊಂಡರು.

ಅವತ್ತು ಏನಾಯಿತೆಂದು ನಿನಗೆ ಹೇಳಬೇಕು. ಪೇಪರಿನಲ್ಲಿ ಬಂದದ್ದು ನಿಜವಲ್ಲ.

ಸೋಮವಾರ, ಮಂಗಳವಾರ ಪೊಲೀಸರು ನಿಂತಿದ್ದರು. ಬುಧವಾರ ಇರಲಿಲ್ಲ. ನಾವು ಒಂದು ಕಾನೂನು ಪುಸ್ತಕಕ್ಕೆ ಬೆನ್ನು ಕೂರಿಸುತ್ತಿದ್ದೆವು. ನಾನು ಹಿಡಿದಿದ್ದೆ, ಅವರು ಕ್ಯಾಲಿಕೋ ಬಟ್ಟೆ ಎಳೆದು ಅಂಟಿಸಿದರು. "ಒಣಗಲಿ, ಬಂದೆ" ಅಂದರು. ಗಂಟೆ ಹನ್ನೊಂದು. ಅಂಚಿನಲ್ಲಿ ನಿಂತು ಕಾದರು. ದಾಟುವವರ ಹಸಿರು ಬಂತು. ಹಸಿರು ಬಂದ ಮೇಲೂ ಎರಡೂ ಕಡೆ ನೋಡಿದರು. ನಾನೇ ಕಂಡಿದ್ದೇನೆ. ಸೇತುವೆಯ ಕಡೆಯಿಂದ ಬಸ್ಸು ಬರುತ್ತಿತ್ತು. ತಮಗೆ ಹಸಿರು ಇದೆಯೆಂದರೆ ಅದಕ್ಕೆ ಕೆಂಪು ಇರುತ್ತದೆ, ನಿಲ್ಲುತ್ತದೆ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಕಾಲಿಟ್ಟರು.

ನಾನು ಓಡಿದೆ. ಅಂಟಿನ ಕೈಯಲ್ಲೇ ಅವರ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅವರ ಕೂದಲೆಲ್ಲ ನನ್ನ ಬೆರಳಿಗೆ ಮೆತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳುವಷ್ಟು ಹೊತ್ತೂ ಅವರು ಇರಲಿಲ್ಲ.

ಪೇಪರಿನಲ್ಲಿ 'ಹಳೆಯ ಅಭ್ಯಾಸಕ್ಕೆ ಬಲಿ' ಎಂದು ಬರೆದರು. ಸ್ಟೇಷನ್ ಕಡೆ ಮಾತ್ರ ನೋಡಿ ದಾಟಿದರಂತೆ. ಇಪ್ಪತ್ತಾರು ವರ್ಷದ ರೂಢಿಯಂತೆ. ಮೂರು ವಾರ ಅಂಚಿನಲ್ಲಿ ನಿಂತು ನಮಸ್ಕಾರ ಹೇಳಿದವರು ಅವರು! ಅದನ್ನು ಓದಿದಾಗ ನನಗೆ ಅವರು ಹೋದದ್ದಕ್ಕಿಂತ ಹೆಚ್ಚು ಉರಿಯಿತು. ಒಂದು ಕಡೆ ಡ್ರೈವರ್ ಕೆಂಪು ದೀಪ ದಾಟಿ ಬಂದ ಅಂತಲೂ ಬರೆದಿದ್ದಾರೆ. ಅವನು ಜೈಲಿನಲ್ಲಿದ್ದಾನೆ. ಅಲ್ಲೇ ಕೊಳೆಯಲಿ ಅಂತ ನಾನೂ ಅಂದುಕೊಂಡಿದ್ದೆ.

ಮೊನ್ನೆ ಅವನ ಹೆಂಡತಿ ಅಂಗಡಿಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಗೇ ನಿಂತಳು.

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ ಅಕ್ಕಾ. ಯಾವ ಮುಖ ಇಟ್ಕೊಂಡು ಕೇಳ್ಲಿ? ಒಂದು ಮಾತು ಹೇಳಿ ಹೋಗ್ತೀನಿ."

ನಾನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟೆ.

"ನಮ್ಮನೆಯವರ ಕಡೆ ದೀಪಾನೇ ಉರೀತಿರಲಿಲ್ಲವಂತೆ. ಕೆಂಪೂ ಇಲ್ಲ, ಹಸಿರೂ ಇಲ್ಲ. ಮೊದಲ ದಿನದಿಂದ್ಲೂ ಹಾಗೇ ಇತ್ತು, ಪೊಲೀಸರು ಕೈ ತೋರಿಸ್ತಿದ್ರು, ಹೋಗ್ತಿದ್ದೆ ಅಂತಾರೆ. ಸಂಜೆ ತನಿಖೆಯವರು ಬಂದು ನೋಡಿದಾಗ ಚೆನ್ನಾಗಿ ಉರೀತಿತ್ತಂತೆ. ಅದಕ್ಕೇ ಯಾರೂ ನಂಬ್ತಿಲ್ಲ. ನೀವು ದಿನಾ ಇಲ್ಲೇ ಇರೋರು. ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಅಂದೆ. ಅವಳು ಹೋದ ಮೇಲೆ ಎದ್ದು ಆ ಕಂಬದ ಹತ್ತಿರ ಹೋದೆ. ಬುಡದಲ್ಲಿ ವೈರಿನ ಸುರುಳಿ ಇರಲಿಲ್ಲ. ಹೊಸದಾಗಿ ಸಿಮೆಂಟು ಮೆತ್ತಿದ್ದಾರೆ. ಅದು ಯಾವತ್ತು ಮೆತ್ತಿದ್ದು?

ಹೇಳು. ಆ ವೈರನ್ನು ಯಾವಾಗ ಸೇರಿಸಿದರು?

ಅಕ್ಕ

*

ಜುಲೈ 8

ತಮ್ಮಾ,

ನಾಲ್ಕು ವಾರವಾಯಿತು. ಫೋನು ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಅನ್ನುತ್ತೀಯ. ಮನೆಗೆ ಮಾಡಿದರೆ ನಿನ್ನ ಹೆಂಡತಿ "ಊಟಾನೇ ಸರಿಯಾಗಿ ಮಾಡ್ತಿಲ್ಲ ಅತ್ತಿಗೆ, ಏನಾಗಿದೆಯೋ" ಅನ್ನುತ್ತಾಳೆ.

ನೀನು ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿದರೆ ಹೀಗೇ ಅನ್ನ ಬಿಡುತ್ತಿದ್ದೆ. ಒಡೆದದ್ದು ಏನೆಂದು ನಾವು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ.

ಅಕ್ಕ

*

ಆಗಸ್ಟ್ 3

ಅಕ್ಕಾ,

ಬುಧವಾರ, ಮೇ ಇಪ್ಪತ್ತು. ಹನ್ನೊಂದೂ ಮುಕ್ಕಾಲಿಗೆ ಸೇರಿಸಿದರು. ಭಾವ ಹೋಗಿ ಅರ್ಧ ಗಂಟೆ ಮೇಲಾಗಿತ್ತು.

ಇಷ್ಟು ಬರೆಯಲು ಎರಡು ತಿಂಗಳು ಬೇಕಾಯಿತು. ಉಳಿದದ್ದನ್ನೂ ಬರೆದುಬಿಡುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಪೆನ್ನು ಎತ್ತುವುದಿಲ್ಲ.

ಬೀದಿ ತೆರೆಯುವ ಮೊದಲು ಒಂದು ಪ್ರಮಾಣಪತ್ರ ಕೊಡಬೇಕು. ಎಲ್ಲ ಕೆಲಸ ಮುಗಿದಿದೆ, ಎಲ್ಲ ದೀಪ ಉರಿಯುತ್ತಿವೆ, ನಾನೇ ಸ್ಥಳಕ್ಕೆ ಹೋಗಿ ನೋಡಿದ್ದೇನೆ ಎಂದು. ನಾನು ಹೋಗಿರಲಿಲ್ಲ. ನಿನ್ನ ಕಾಗದ ಮೇಜಿನ ಮೇಲಿತ್ತು. ದೊಡ್ಡ ಸಾಹೇಬರ ಹತ್ತಿರ ಹೋಗಿ, ಒಂದು ದೀಪ ಬಾಕಿ ಇದೆ ಸಾರ್ ಅಂದೆ. "ಒಂದು ವೈರಿಗೋಸ್ಕರ ದಿನಾಂಕ ಬದಲಾಯಿಸಿ ಅಂತ ಮೇಲಿನವರಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?" ಎಂದರು. ಅಷ್ಟೇ ಅವರು ಅಂದದ್ದು. ಸಹಿ ಹಾಕಿ ಅನ್ನಲಿಲ್ಲ. ಅವರ ಮೇಲೆ ಹೊರಿಸಲು ನನಗೆ ಆಸೆಯಿದೆ, ಆದರೆ ಅನ್ನಲಿಲ್ಲ. ಕಂಟ್ರಾಕ್ಟರಿಗೆ ಫೋನು ಮಾಡಿದೆ. "ಭಾನುವಾರದೊಳಗೆ ಎಳೆದುಬಿಡ್ತೀವಿ ಸಾರ್" ಎಂದ. ಸಹಿ ಹಾಕಿದೆ. ಅದೇ ಪೆನ್ನಿನಲ್ಲಿ ನಿನಗೆ, ಚಿಂತೆ ಬೇಡ ಅಂತ ಬರೆದೆ.

ಭಾನುವಾರ ಅವನು ಎಳೆಯಲಿಲ್ಲ. ನಾನು ಕೇಳಲೂ ಇಲ್ಲ. ಪೊಲೀಸರು ಎರಡು ದಿನ ಇರುತ್ತಾರಲ್ಲ ಎಂದುಕೊಂಡೆ. ಬುಧವಾರ ಹನ್ನೊಂದೂ ಇಪ್ಪತ್ತಕ್ಕೆ ಅವನ ಫೋನು ಬಂತು. "ಸಾರ್, ಒಂದು ಆಕ್ಸಿಡೆಂಟ್ ಆಗಿದೆ. ಸೇತುವೆ ಕಡೆ ಬಸ್ಸು. ಆ ದೀಪ ಇನ್ನೂ ಆಗಿಲ್ಲ. ಏನ್ಮಾಡ್ಲಿ?"

ಅಕ್ಕಾ, ಪೆಟ್ಟು ಬಿದ್ದದ್ದು ಯಾರಿಗೆ ಅಂತ ನಾನು ಕೇಳಲಿಲ್ಲ. ಬದುಕಿದ್ದಾರೋ ಇಲ್ಲವೋ ಅಂತಲೂ ಕೇಳಲಿಲ್ಲ. "ತಕ್ಷಣ ಕನೆಕ್ಷನ್ ಕೊಡಿ, ಯಾರೂ ಬರೋದ್ರೊಳಗೆ" ಅಂದೆ. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ, ಮೊದಲೇ ಯೋಚಿಸಿಟ್ಟುಕೊಂಡಿದ್ದೆನೋ ಎನ್ನುವ ಹಾಗೆ. ಆಮೇಲೆ ಒಂದು ಲೋಟ ಕಾಫಿ ಕುಡಿದೆ. ಹನ್ನೆರಡಕ್ಕೆ ನಿನ್ನ ಫೋನು ಬಂತು.

ನಿನ್ನ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಗ ಇದೆಲ್ಲ ನನಗೆ ಗೊತ್ತಿತ್ತು. ಭಾವನಿಗೆ ಹೆಗಲು ಕೊಡುವಾಗಲೂ ಗೊತ್ತಿತ್ತು. ಡ್ರೈವರ್ ಜೈಲಿಗೆ ಹೋದದ್ದು ಗೊತ್ತಿತ್ತು. ಈಗ ನನ್ನನ್ನು ಹೆದರಿಸುವುದು ಇನ್ನೊಂದು. ಸತ್ತವರು ಭಾವ ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ನಾನು ಮರೆತಿರುತ್ತಿದ್ದೆ. ಚೆನ್ನಾಗಿ ಉಂಡು ಮಲಗುತ್ತಿದ್ದೆ.

ಕ್ಷಮಿಸು ಅಂತ ಬರೆದು ಹೊಡೆದುಹಾಕಿದ್ದೇನೆ. ಮೇಲಿನ ಗೀಚು ಅದೇ.

ತಮ್ಮ

*

ಆಗಸ್ಟ್ 9

ಓದಿದೆ.

ಇದನ್ನು ನನಗೆ ಬರೆದರೆ ಏನು ಬಂತು? ತನಿಖೆಯವರಿಗೆ ಬರೆ. ಆ ಹೆಂಗಸಿನ ಗಂಡ ಮೂರು ತಿಂಗಳಿಂದ ಒಳಗಿದ್ದಾನೆ. ನಾನು ಅವಳ ಮುಖಕ್ಕೇ ಗೊತ್ತಿಲ್ಲ ಅಂದೆ.

ನನ್ನ ಮೇ ಹದಿನಾಲ್ಕರ ಕಾಗದ ಹರಿದು ಹಾಕಿಲ್ಲ ತಾನೇ? ಅದನ್ನೂ ಕೊಡು. ಹದಿನೈದು ದಿನ ನೋಡುತ್ತೇನೆ. ಆಮೇಲೆ ನಿನ್ನ ಈ ಕಾಗದವನ್ನು ನಾನೇ ತೆಗೆದುಕೊಂಡು ಹೋಗುತ್ತೇನೆ. ಬೆದರಿಕೆ ಅಲ್ಲ. ನೀನೇ ಹೋದರೆ ನನಗೆ ಹೋಗುವುದು ತಪ್ಪುತ್ತದೆ. ಅಷ್ಟು ಮಾಡು.

*

ಸೆಪ್ಟೆಂಬರ್ 6

ಅಕ್ಕಾ,

ಹನ್ನೊಂದನೆಯ ದಿನ ಹೋದೆ. ನಿನ್ನ ಕಾಗದ ಕೊಟ್ಟೆ. ಅದಕ್ಕೊಂದು ನಂಬರು ಹಾಕಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರು. ಹೇಳಿಕೆ ಬರೆದುಕೊಂಡ ಅಧಿಕಾರಿ ಒಂದು ಕಡೆ ಪೆನ್ನು ನಿಲ್ಲಿಸಿ, "ಸತ್ತೋರು ನಿಮಗೆ ಏನಾಗಬೇಕು?" ಎಂದು ಕೇಳಿದರು. ಭಾವ ಅಂದೆ. ಬಾಗಿಲು ಮುಚ್ಚಿಸಿದರು, ನೀರು ತರಿಸಿದರು. ಆಮೇಲೆ ಮೊದಲಿಂದ ಹೇಳಿ ಅಂದರು.

ನನ್ನನ್ನು ಅಮಾನತು ಮಾಡಿದ್ದಾರೆ. ಕೇಸು ನಡೆಯುತ್ತದೆ. ಕಂಟ್ರಾಕ್ಟರು ಊರು ಬಿಟ್ಟಿದ್ದಾನೆ. ದೊಡ್ಡ ಸಾಹೇಬರಿಗೆ ಏನೂ ಆಗಿಲ್ಲ, ಅವರು ಕಾಗದದ ಮೇಲೆ ಎಲ್ಲೂ ಇಲ್ಲ. ಡ್ರೈವರಿಗೆ ನಿನ್ನೆ ಜಾಮೀನು ಸಿಕ್ಕಿತು. ಅವನ ಮನೆಗೆ ಹೋಗೋಣವೆಂದುಕೊಂಡು ಅವರ ಗಲ್ಲಿಯ ತುದಿಯಿಂದಲೇ ವಾಪಸ್ ಬಂದೆ.

ನನ್ನ ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಅತ್ತಿಗೆ ಮನೇಲಿ ನಾಲ್ಕು ದಿನ ಇದ್ವಲ್ಲ, ಅಷ್ಟು ದಿನಾನೂ ನಿಮಗೆ ಗೊತ್ತಿತ್ತಾ?" ಎಂದಳು. ಅದಕ್ಕೇ ಅವಳಿಗೆ ಹೆಚ್ಚು ಬೇಜಾರಾದದ್ದು.

ವಿಚಾರಣೆ ನಿಮ್ಮ ಊರಿನಲ್ಲೇ. ನವೆಂಬರ್ ಹತ್ತೊಂಬತ್ತು. ನಿನಗೂ ನೋಟೀಸು ಬರುತ್ತದೆ.

ತಮ್ಮ

*

ನವೆಂಬರ್ 24

ತಮ್ಮಾ,

ವಿಚಾರಣೆಯ ದಿನ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮೂರು ಗಂಟೆ ಕೂತಿದ್ದೆವು. ನಿನ್ನ ಕೂದಲು ಅಷ್ಟು ನರೆತದ್ದು ನೋಡಿ ನನಗೆ ಗುರುತೇ ಸಿಗಲಿಲ್ಲ. "ಜೋರಾಗಿ ಹೇಳಿ" ಅಂತ ವಿಚಾರಣೆ ನಡೆಸುವವರು ನಿನಗೆ ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ನೀನು ಜೋರಾಗಿಯೇ ಹೇಳಿದೆ. ಬಾಗಿಲ ಬಳಿ ನಿಂತವರಿಗೂ ಕೇಳಿಸಿತು.

ಡ್ರೈವರ್ ನನ್ನ ಹಿಂದಿನ ಬೆಂಚಿನಲ್ಲಿದ್ದ. ಹೊರಗೆ ಬರುವಾಗ ಅವನನ್ನು ನಾನೇ ಮಾತಾಡಿಸಿದೆ. ಅವನ ಮೇಲಿನ ಕೇಸು ಬಿದ್ದುಹೋಗುತ್ತದೆ ಅಂತ ವಕೀಲರು ಹೇಳಿದ್ದಾರಂತೆ. "ಮತ್ತೆ ಗಾಡಿ ಹತ್ತುತ್ತೀರಾ?" ಎಂದು ಕೇಳಿದೆ. "ಇಲ್ಲ ಅಮ್ಮಾ. ಡಿಪೋದಲ್ಲಿ ಬಸ್ ತೊಳೀತೀನಿ" ಎಂದ. ಅವನು ಕ್ಷಮೆ ಕೇಳಿದ. ಅವನು ಯಾಕೆ ಕೇಳಬೇಕಿತ್ತೋ ನನಗೆ ತಿಳಿಯಲಿಲ್ಲ. ಕೇಳಬೇಡಿ ಅಂದೆ.

ನಿನಗೊಂದು ವಿಷಯ ಹೇಳಲೇಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಬೀದಿ ಒಳ್ಳೆಯದಾಗಿದೆ. ನೀನು ಬರೆದ ಹಾಗೆಯೇ ಆಗಿದೆ. ಗಾಡಿಗಳು ನಿಧಾನವಾಗಿ ಹೋಗುತ್ತವೆ. ಹೆಂಗಸರು ಮಕ್ಕಳ ಕೈ ಹಿಡಿಯದೆ ದಾಟುತ್ತಾರೆ. ಸ್ಟುಡಿಯೋ ಇದ್ದ ಜಾಗದಲ್ಲಿ ಔಷಧಿ ಅಂಗಡಿ ಬಂದಿದೆ. ನನಗೆ ಒಬ್ಬಳಿಗೆ ಆಗದಷ್ಟು ಕೆಲಸ. ಅರ್ಜಿಯ ಮೊದಲ ಸಹಿ ನನ್ನದೆಂದು ನೆನಪಿಟ್ಟುಕೊಂಡು ಜನ ಬಂದು ಹೊಗಳುತ್ತಾರೆ. ಬೀದಿ ಕೆಟ್ಟುಹೋಗಿದ್ದರೆ ಎಲ್ಲವನ್ನೂ ಸೇರಿಸಿ ಒಟ್ಟಿಗೆ ಶಪಿಸಿ ಸುಮ್ಮನಾಗುತ್ತಿದ್ದೆ. ಒಳ್ಳೆಯದಾಗಿರುವುದೇ ನನಗೆ ತಡೆಯಲಾಗದ್ದು. ಅವರು ಹೋಗದೆಯೂ ಇದೆಲ್ಲ ಆಗಬಹುದಿತ್ತು. ಒಂದು ವೈರು.

ವಿಚಾರಣೆಯ ಮರುದಿನ ಬೆಳಿಗ್ಗೆ ನೀನು ಎದುರಿಗೆ ಬಂದು ನಿಂತದ್ದನ್ನು ನಾನು ನೋಡಿದೆ. ಕಾಫಿಯಂಗಡಿಯ ಪಕ್ಕ, ಕೈಯಲ್ಲಿ ಸೂಟ್‌ಕೇಸು. ಊರಿಗೆ ಹೊರಟಿದ್ದೆಯೇನೋ. ದಾಟುವವರ ಹಸಿರು ಬಂತು. ನಿನ್ನ ಪಕ್ಕದಲ್ಲಿದ್ದವರೆಲ್ಲ ದಾಟಿದರು. ನೀನು ನಿಂತೇ ಇದ್ದೆ. ಮತ್ತೆ ಬಂತು, ಮತ್ತೆ ಹೋಯಿತು. ಮೂರನೆಯ ಸಲ ನೀನು ಒಂದು ಕಾಲು ಕೆಳಗಿಟ್ಟು, ಮತ್ತೆ ಮೇಲಕ್ಕೆ ತೆಗೆದುಕೊಂಡೆ.

ನಾನು ಬಾಗಿಲಲ್ಲೇ ಇದ್ದೆ. ಹೊಲಿಯುತ್ತಿದ್ದ ಪುಸ್ತಕ ಕೈಯಲ್ಲಿತ್ತು. ಕೂಗಿದ್ದರೆ ನಿನಗೆ ಕೇಳುತ್ತಿತ್ತು, ಬರುತ್ತಿದ್ದೆ ಕೂಡ. ಕೂಗಲಿಲ್ಲ. ಸಿಟ್ಟಿನಿಂದ ಅಂತ ಬರೆದರೆ ಸುಳ್ಳಾಗುತ್ತದೆ. ನೀನು ದಾಟಿ ಈ ಕಡೆ ಬಂದುಬಿಟ್ಟರೆ ನಿನ್ನನ್ನು ಒಳಗೆ ಕರೆದು, ಕೂರಿಸಿ, ಏನಾದರೂ ತಿಂದೆಯಾ ಅಂತ ಕೇಳಿಬಿಡುತ್ತಿದ್ದೆ. ಕೇಳಿದ ಮೇಲೆ ನಿನ್ನ ಭಾವನಿಗೆ ಏನು ಹೇಳಲಿ?

ನೀನು ಸೂಟ್‌ಕೇಸು ಎತ್ತಿಕೊಂಡು ಸ್ಟೇಷನ್ ಕಡೆ ನಡೆದೆ. ತಿರುವಿನವರೆಗೂ ನೋಡಿದೆ.

ಸದ್ಯಕ್ಕೆ ಬರಬೇಡ. ಯಾವಾಗ ಬರಬಹುದು ಅಂತಲೂ ಕೇಳಬೇಡ, ನನಗೇ ಗೊತ್ತಿಲ್ಲ. ಕಾಗದ ಮಾತ್ರ ನಿಲ್ಲಿಸಬೇಡ.

ಅಕ್ಕ